ಅಜ್ಜಯ್ಯನ ನೂರಾ ಒಂದು

ಡಾಲ್ಡಾ, ಬೆಣ್ಣೆಯಲ್ಲ, ಮೂಗಿಗೆ ಬಡಿಯುತ್ತಿರುವುದು ಡಾಲ್ಡಾ, ಬೆಣ್ಣೆ ಬಿಸ್ಕತ್ತು ಅಂತ ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿ ಒಳಗೆ ಡಾಲ್ಡಾ ಸುರಿಯುತ್ತಾರೆ ಈ ಕೆಳಗಿನ ಬೇಕರಿಯವರು, ವಾಸನೆ ಮೆಟ್ಟಿಲು ಹತ್ತಿಕೊಂಡು ಮೇಲಿನ ಈ ಕೋಣೆಗೂ ಬಂದುಬಿಟ್ಟಿದೆ, ದಾವಣಗೆರೆಯ ಹೆಂಗಸಿಗೆ ಬೆಣ್ಣೆ ಯಾವುದು ಅಂತ ಹರಿಹರದವರು ಹೇಳಿಕೊಡಬೇಕೇ — ಅಯ್ಯೋ, ಇದನ್ನೆಲ್ಲ ಯೋಚಿಸುವ ಹೊತ್ತೇ ಇದು, ಎಂದು ಕಸ್ತೂರಮ್ಮ ತನ್ನನ್ನು ತಾನೇ ಗದರಿಕೊಂಡಳು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರಿದು ಕೂತಳು, ಸೀರೆ ಬೆವರಿಗೆ ಕುರ್ಚಿಗೇ ಅಂಟಿತ್ತು, ಕೈಯಲ್ಲಿ ಫೋನು, ಫೋನಿನಲ್ಲಿ ನಾಲ್ಕೈದು ಸಾಲು ಕನ್ನಡ, ಆ ಸಾಲುಗಳ ಕೆಳಗೆ ಒಂದು ಪುಟ್ಟ ಚೌಕ, ಖಾಲಿ. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಮುಟ್ಟಿದರೆ ಸಾಕು, ಹಸಿರು ಗೆರೆ ಬೀಳುತ್ತದಂತೆ, ಗೆರೆ ಬಿದ್ದರೆ ಹಿಡಿದಿಟ್ಟ ದುಡ್ಡೆಲ್ಲ ನಾಳೆ ಬೆಳಿಗ್ಗೆ ಬ್ಯಾಂಕಿಗೆ, ಮುಟ್ಟದಿದ್ದರೆ ನಾಲ್ಕು ಗಂಟೆಗೆ ಖಾತೆ ಬಂದ್, ದುಡ್ಡು ಯಾರು ಯಾರು ಹಾಕಿದ್ದರೋ ಅವರವರಿಗೆ ತಾನಾಗಿಯೇ ವಾಪಸ್. ಒತ್ತಿಬಿಡ್ರಿ ಅಮ್ಮಾರೆ, ಬರೀ ಫಾರ್ಮಾಲಿಟಿ ಅದು, ಯಾರೂ ಓದಂಗಿಲ್ಲ, ಎನ್ನುತ್ತಾನೆ ಎದುರು ಮೇಜಿನ ರೇವಂತ್, ಯಾರೂ ಓದುವುದಿಲ್ಲ ಅಂದಮೇಲೆ ಯಾಕಪ್ಪಾ ಬರೆಸಿಕೊಳ್ಳುತ್ತೀರಿ, ಅವಳು ಓದಿದ್ದಾಳೆ, ಒಂದು ಸಲವಲ್ಲ, ಕನ್ನಡಕ ಹಣೆಗೇರಿಸಿ ಒಮ್ಮೆ, ಇಳಿಸಿ ಒಮ್ಮೆ.

ಇವನೇ ರೇವಂತ್, ಪೇಮೆಂಟ್ ಕಂಪನಿಯ ಹುಡುಗ, ಹೋದ ವರ್ಷ ದಾವಣಗೆರೆಯ ವಿದ್ಯಾನಗರದಲ್ಲಿ ಅವಳ ಮಂಡಕ್ಕಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ಮಾತು ಶುರು ಮಾಡಿದವನು, ಅಮ್ಮಾರೆ ಇನ್ನೂ ಚಿಲ್ಲರೆ ಎಣಿಸ್ತಾ ಕುಂತೀರಲ್ರಿ, ಕಾಲ ಎಲ್ಲಿಗೋ ಹೋಗೈತೆ, ಒಂದ್ ಕಾರ್ಡ್ ಇಡ್ತೀನಿ, ಒಂದ್ ಡಬ್ಬಿ ಇಡ್ತೀನಿ, ಹುಡುಗ್ರು ಕಾರ್ಡ್ ಸ್ಕ್ಯಾನ್ ಮಾಡ್ತಾರೆ, ಡಬ್ಬಿ ಕೂಗಿ ಹೇಳ್ತೈತೆ, ದುಡ್ಡು ಸೀದಾ ಬ್ಯಾಂಕಿಗೆ — ಅಂದಿದ್ದ, ಒಂದು ತಟ್ಟೆ ಗಿರ್ಮಿಟ್ ಮಂಡಕ್ಕಿ ತಿಂದ, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ, ಖಾರಕ್ಕೆ ಕಣ್ಣಲ್ಲಿ ನೀರು, ಮೂಗೊರೆಸಿಕೊಂಡು ಇನ್ನೊಂದ್ ಹಾಕ್ರಿ ಅಂದಿದ್ದ, ಅವಳು ದುಡ್ಡು ಬ್ಯಾಡ ಹೋಗಪ್ಪಾ ಅಂದಿದ್ದಳು. ಡಬ್ಬಿಯೂ ಚೆನ್ನಾಗಿಯೇ ಕೂಗಿತು, ಸುಳ್ಳೇಕೆ ಹೇಳಬೇಕು, ಹಾಸ್ಟೆಲಿನ ಹುಡುಗಿಯರು ಸಾಲುಗಟ್ಟಿ ನಿಂತಾಗ ಒಂದು ಕೈ ಮಂಡಕ್ಕಿ ಕಲಸುತ್ತಿದ್ದರೆ ಇನ್ನೊಂದು ಕೈ ಚಿಲ್ಲರೆಗೆ ಹೋಗುವ ಗೋಳು ತಪ್ಪಿತು, ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ, ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ, ಏನು ನಯ, ಏನು ವಿನಯ, ಬಾಣಲೆ ಮುಂದೆ ನಿಂತ ಗಂಡ ಬಕ್ಕೇಶ್ ಅದಕ್ಕೆ ಸೊಸೆ ಅಂತಲೇ ಹೆಸರಿಟ್ಟ, ಸೊಸೆ ಏನಂದ್ಳೇ, ಬಂತಂತಾ, ಅನ್ನುತ್ತಾ ಮೆಣಸಿನಕಾಯಿಯನ್ನು ಹಿಟ್ಟಿಗೆ ಅದ್ದುವನು. ಬಂತು ಅಂದಳು ಸೊಸೆ, ಬಂತು ಅಂತ ನಂಬಿದೆವು, ನಂಬದೆ ಇರಲು ಅವಳೇನು ನಮ್ಮ ಮುಂದೊಂದು ಹಿಂದೊಂದು ಮಾತಾಡಿದವಳೇ.

ತಪ್ಪು ಆದದ್ದು ಪಟ್ಟಿಯಲ್ಲಿ. ತಪ್ಪು ಅನ್ನಲು ನಾಲಿಗೆ ಹೊರಳುವುದಿಲ್ಲ, ಆದರೂ ಆದದ್ದು ಅಲ್ಲಿಯೇ. ವರ್ಷಕ್ಕೊಂದು ಅಮಾವಾಸ್ಯೆಗೆ ಓಣಿಯವರೆಲ್ಲ ಗಾಡಿ ಮಾಡಿಕೊಂಡು ಉಕ್ಕಡಗಾತ್ರಿಗೆ ಹೋಗುವುದು, ಹೊಳೆಯಲ್ಲಿ ಮಿಂದು ಅಜ್ಜಯ್ಯನ ಗದ್ದುಗೆಯ ದರ್ಶನ ಮಾಡಿ, ಹೊಳೆ ದಂಡೆಯಲ್ಲಿ ಒಲೆ ಹೂಡಿ, ಬಂದವರಿಗೆಲ್ಲ ಗೋಧಿ ಹುಗ್ಗಿ ಅನ್ನ ಸಾರು ಬಡಿಸಿ ಬರುವುದು, ಅದಕ್ಕೆ ಮನೆಮನೆಗೆ ಹೋಗಿ ಪಟ್ಟಿ ಎತ್ತುವ, ವಂತಿಗೆ ಕೂಡಿಸುವ ಕೆಲಸ ಇವರ ಮನೆಯದು, ಅತ್ತೆ ಕೊಟ್ರವ್ವ ಇರುವ ತನಕ ಅತ್ತೆ ಸೆರಗೊಡ್ಡಿ ಹೋದಳು, ಅತ್ತೆಯ ನಂತರ ಕಸ್ತೂರಮ್ಮ, ಯಾರೂ ಇವಳನ್ನು ಲೆಕ್ಕ ಕೇಳಿದವರಲ್ಲ, ಕೇಳುವ ಪದ್ಧತಿಯೇ ಇಲ್ಲ, ಉಂಡವರ ಎಲೆಯೇ ಲೆಕ್ಕ ಅನ್ನುತ್ತಿದ್ದಳು ಅತ್ತೆ. ಈ ಸಲ ಯಾರ ಬಾಗಿಲಿಗೆ ಹೋದರೂ ಅದೇ ರಾಗ, ಅಯ್ಯ ಕೈಯಾಗೆ ರೊಕ್ಕ ಇಲ್ಲ ಕಸ್ತೂರಿ, ಫೋನಾಗೆ ಹಾಕ್ತೀನಿ ತಗಾ, ಎಲ್ಲರ ಮನೆಯಲ್ಲೂ ಫೋನು ಇದೆ, ಒಬ್ಬರ ಮನೆಯಲ್ಲೂ ನೋಟಿಲ್ಲ, ಕಡೆಗೆ ಮೂಲೆ ಮನೆ ನಾಗಕ್ಕ, ಓಣಿಗೆಲ್ಲ ಹಿರಿಯಳು, ಅಂಗಡಿಗೆ ಬಂದು ಆ ಸ್ಕ್ಯಾನ್ ಕಾರ್ಡಿನ ಫೋಟೋ ಹೊಡೆದು ಓಣಿಯ ಗ್ರೂಪಿಗೆ ಹಾಕಿಬಿಟ್ಟಳು, ಇದಕ್ಕ ಹಾಕ್ರಿ, ಅಜ್ಜಯ್ಯನ ದಾಸೋಹಕ್ಕ, ನೂರಾ ಒಂದಕ್ಕೆ ಕಡಿಮಿ ಬ್ಯಾಡ. ನೂರು ಯಾರು ಹಾಕುತ್ತಾರೆ, ದೇವರಿಗೆ ಸೊನ್ನೆಯಲ್ಲಿ ಮುಗಿಸಿ ಕೊಡುತ್ತಾರೆಯೇ, ಮೇಲೊಂದು ರೂಪಾಯಿ ಇಟ್ಟರೆ ತಾನೇ ಬರುವ ವರ್ಷಕ್ಕೆ ಬೆಸೆದುಕೊಳ್ಳುವುದು, ಹುಟ್ಟಿದ ಕೂಸಿನ ಕೈಗೂ ನೂರಾ ಒಂದು, ಮದುವೆ ಮುಯ್ಯಿಗೂ ನೂರಾ ಒಂದು, ಇದು ಗೊತ್ತಿಲ್ಲದವರು ಯಾರಿದ್ದಾರೆ. ಆ ಸಂಜೆ ಸೊಸೆಗೆ ಉಸಿರಾಡಲು ಪುರಸತ್ತಿಲ್ಲ, ನೂರ ಒಂದು ರೂಪಾಯಿ ಸ್ವೀಕರಿಸಲಾಗಿದೆ, ನೂರ ಒಂದು ರೂಪಾಯಿ ಸ್ವೀಕರಿಸಲಾಗಿದೆ, ರಾಣೆಬೆನ್ನೂರಿಗೆ ಕೊಟ್ಟ ಹೆಣ್ಣುಮಕ್ಕಳು ಹಾಕಿದರು, ಹುಬ್ಬಳ್ಳಿಯ ಬೀಗರು ಹಾಕಿದರು, ಅವರು ಆ ಫೋಟೋ ತಮ್ಮವರಿಗೆ ಕಳಿಸಿದರು, ಕಂಡು ಕೇಳರಿಯದ ಊರುಗಳಿಂದ ಹಾಕಿದರು, ಬಕ್ಕೇಶ್ ಎಣ್ಣೆ ಕೈಯಲ್ಲೇ ಪ್ರತಿ ಸಲ ಡಬ್ಬಿಗೆ ಕೈ ಮುಗಿದ, ಹುಡುಗಿಯರು ಬಿದ್ದೂ ಬಿದ್ದೂ ನಕ್ಕರು, ಅತ್ತೆ ಇರಬೇಕಿತ್ತು, ಸೆರಗಿಗೆ ಬೀಳುತ್ತಿದ್ದುದು ಹೀಗೆ ಗಾಳಿಯಲ್ಲಿ ಬಂದು ಬೀಳುವುದನ್ನು ನೋಡಬೇಕಿತ್ತು.

ಮಾರನೆಯ ದಿನ ಬ್ಯಾಂಕಿಗೆ ಏನೂ ಬರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಮೆಸೇಜು, ಹಾಸ್ಟೆಲಿನ ಹುಡುಗಿಯೊಬ್ಬಳು ಓದಿ, ಆಂಟಿ ನಿಮ್ ದುಡ್ಡು ತಡೆದಿಟ್ಕೊಂಡಾರಂತೆ, ಅನುಮಾನದ ವ್ಯವಹಾರ ಅಂತ ಬರ್ದಾರೆ, ಅಂದಳು. ಅನುಮಾನ! ಮಂಡಕ್ಕಿಯ ಮೇಲೆ ಅನುಮಾನವೇ, ಮೆಣಸಿನಕಾಯಿಯ ಮೇಲೆಯೇ. ಸಹಾಯವಾಣಿಗೆ ಫೋನು ಹಚ್ಚಿದರೆ ಸಂಗೀತ, ಒಂದು ಒತ್ತಿ, ಎರಡು ಒತ್ತಿ, ನಿಮ್ಮ ತಾಳ್ಮೆಗೆ ಧನ್ಯವಾದ — ತಾಳ್ಮೆ ಇದೆ ಅಂತ ಯಾರು ಹೇಳಿದರೋ ಇವರಿಗೆ — ಇಪ್ಪತ್ನಾಲ್ಕು ಗಂಟೆಯಲ್ಲಿ ಸರಿಹೋಗುತ್ತದೆ ಮೇಡಂ, ಮರುದಿನವೂ ಇಪ್ಪತ್ನಾಲ್ಕು ಗಂಟೆ, ಅದರ ಮರುದಿನವೂ, ಅವರ ಗಡಿಯಾರಕ್ಕೆ ಮುಳ್ಳೇ ಇಲ್ಲ. ಅಷ್ಟರಲ್ಲಿ ಸೊಸೆ ಮಾತ್ರ ಬಾಯಿ ಮುಚ್ಚಲಿಲ್ಲ, ಇಪ್ಪತ್ತು ಸ್ವೀಕರಿಸಲಾಗಿದೆ, ನಲವತ್ತು ಸ್ವೀಕರಿಸಲಾಗಿದೆ, ಯಾರು ಸ್ವೀಕರಿಸಿದ್ದು, ಎಲ್ಲಿ ಸ್ವೀಕರಿಸಿದ್ದು, ಅಜ್ಜಯ್ಯನ ದುಡ್ಡಿನ ಜೊತೆ ಅಂಗಡಿಯ ದಿನದ ದುಡ್ಡೂ ಅದೇ ಬಾವಿಗೆ ಬೀಳುತ್ತಾ ಹೋಯಿತು, ಕಾರ್ಡು ತೆಗೆದರೆ ಹುಡುಗಿಯರ ಕೈಯಲ್ಲಿ ನೋಟಿಲ್ಲ, ವ್ಯಾಪಾರವಿಲ್ಲ, ಇಟ್ಟರೆ ವ್ಯಾಪಾರ ಉಂಟು, ದುಡ್ಡಿಲ್ಲ, ಇವತ್ತು ಸರಿಹೋದೀತು ನಾಳೆ ಸರಿಹೋದೀತು ಅಂತ ಎರಡು ವಾರ ಗಿರಾಕಿಗಳಿಗೆ ಕಲಸಿ ಕಲಸಿ ಕೊಟ್ಟಿದ್ದೇ ಬಂತು. ಮಂಡಕ್ಕಿ ಭಟ್ಟಿಯ ಹಯಾತ್ ಸಾಬ್ ಮುಂದೆ ನಿಂತು ಚೀಲ ಸಾಲ ಕೇಳುವಾಗ ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು, ಅವನು ಭಟ್ಟಿಯ ಹೊಗೆಯಿಂದ ಹೊರಗೆ ಬಂದು, ತಗೊಂಡ್ ಹೋಗ್ರಿ ಕಸ್ತೂರಮ್ಮಾರೆ, ಮಿಷಿನ್ನು ಹೊಟ್ಟೆ ಮ್ಯಾಲೆ ಹೊಡದ್ರೆ ನಾವೂ ಹೊಡಿಬೇಕಾ, ಆದ್ರೆ ತಿಂಗಳಾಗೆ ಕೊಟ್ಬಿಡ್ರಿ, ನಾನೂ ಭತ್ತದೋರಿಗೆ ಮಾತು ಕೊಟ್ಟೀನಿ, ಅಂದ. ಅದು ಮನುಷ್ಯನ ಮಾತು. ಇನ್ನೊಂದು ಮಾತು ಓಣಿಯ ಕಟ್ಟೆಯ ಮೇಲೆ ಹುಟ್ಟಿತು, ರಿಟೈರಾದ ಉಚ್ಚಂಗೆಪ್ಪನ ಬಾಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕಟ್ಟೆ ಕಾಯುವುದೇ ಕೆಲಸ ಆ ಮನುಷ್ಯನಿಗೆ, ದೇವರ ರೊಕ್ಕ ಅಂಗಡಿ ಡಬ್ಯಾಗೆ ಹಾಕ್ಕೊಂಡ್ಳು ನೋಡ್ರಪ್ಪಾ, ಈಗ ಕಂಪನಿ ತಡ್ದೈತೆ ಅಂತಾಳೆ, ಕಂಪನಿ ಇವಳ ರೊಕ್ಕನೇ ಯಾಕ ತಡೀತೈತೆ. ಕೇಳಿಸಿಕೊಂಡಳು. ತಲೆಯ ಮೇಲೆ ಮಂಡಕ್ಕಿ ಚೀಲ ಇತ್ತು, ಕುತ್ತಿಗೆ ತಿರುಗಿಸಲಾಗಲಿಲ್ಲ, ನೆಟ್ಟಗೆ ನಡೆದು ಮನೆಗೆ ಹೋಗಿ ಚೀಲ ಇಳಿಸಿ, ಆಮೇಲೆ ಅತ್ತಳು, ಅತ್ತು ಮುಖ ತೊಳೆದು ಮತ್ತೆ ಅಂಗಡಿಗೆ ಬಂದಳು. ನಾಗಕ್ಕ ಮಾತ್ರ, ಅಂವ ಏನರ ಒದರ್ಲಿ ಬಿಡೇ, ಅಂದಳು, ಅಂದಾಗ ಅವಳ ಕಣ್ಣು ಬೇರೆ ಕಡೆ ಇತ್ತು, ಅದು ಉಚ್ಚಂಗೆಪ್ಪನ ಮಾತಿಗಿಂತ ಹೆಚ್ಚು ಚುಚ್ಚಿತು.

ಇವತ್ತು ಬೆಳಿಗ್ಗೆ ಎದ್ದವಳೇ ಡಬ್ಬಿಯ ವಯರು ಕಿತ್ತು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು, ಅವರ ಡಬ್ಬಿ ಅವರ ಮುಖಕ್ಕೇ ಎಸೆದು ಬರುತ್ತೇನೆ, ರೇವಂತನ ಆಫೀಸು ಹರಿಹರದಲ್ಲಂತೆ, ಸುತ್ತಲ ತಾಲೂಕುಗಳಿಗೆಲ್ಲ ಇದೊಂದೇ ಕಚೇರಿ. ವಯರು ಕಿತ್ತರೆ ಡಬ್ಬಿ ಸಾಯುವುದಿಲ್ಲ ಅಂತ ಅವಳಿಗೆ ಏನು ಗೊತ್ತು, ಹೊಟ್ಟೆಯಲ್ಲೇ ಬ್ಯಾಟರಿ ಸಿಮ್ಮು ಎಲ್ಲ ಇಟ್ಟುಕೊಂಡ ಜಾಣೆ ಅದು, ಅತ್ತ ಬಕ್ಕೇಶ್ ಅಂಗಡಿಯ ಕಾರ್ಡು ತಿರುಗಿಸಿಡಲು ಮರೆತಿದ್ದಾನೆ, ಬಸ್ಸು ಊರು ದಾಟುವಷ್ಟರಲ್ಲಿ ತೊಡೆಯ ಮೇಲಿನ ಚೀಲದೊಳಗಿಂದ ನಯವಾದ ದನಿ, ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ, ಬಸ್ಸಿಗೆ ಬಸ್ಸೇ ತಿರುಗಿ ನೋಡಿತು, ಕಂಡಕ್ಟರು, ಏನ್ರೀ ಅಮ್ಮಾ, ನನ್ ಟಿಕೇಟ್ ರೊಕ್ಕ ನಿಮಗ ಬರಕತ್ತೈತಾ, ಅಂದ, ಎಲ್ಲ ನಕ್ಕರು, ಅವಳಿಗೂ ನಗು ಬಂತು, ನಗ್ರಪ್ಪಾ ನಗ್ರಿ, ಇದು ಬರೀ ಕೂಗೋ ದುಡ್ಡು, ಕೈಗೆ ಬರೋದಲ್ಲ, ಅಂದುಬಿಟ್ಟಳು ದೊಡ್ಡದಾಗಿ. ಪಕ್ಕದ ಸೀಟಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವಳು ಮೆಲ್ಲಗೆ, ನಿಂದೂ ಹಿಡದಾರೇನಕ್ಕಾ, ನನ್ ತಮ್ಮಂದೂ ಹಿಡದಾರೆ, ಎಳನೀರು ಮಾರ್ತಾನೆ, ಅಂದಳು, ಆಮೇಲೆ ಇಬ್ಬರೂ ಹರಿಹರ ಬರುವ ತನಕ ಬಾಯಿ ತುಂಬ ಬೈದುಕೊಂಡು ಬಂದರು, ಬೈದದ್ದಕ್ಕೆ ಎದೆ ಹಗುರಾಯಿತು, ಎಳನೀರಿನವನ ಅಕ್ಕ ಒಂದು ಬಾಳೆಹಣ್ಣು ಕೊಟ್ಟಳು.

ಬಂದಳು, ಎಸೆದಳು — ಎಸೆದಳು ಅಂದರೆ ಮೇಜಿನ ಮೇಲೆ ಕುಕ್ಕಿದಳು. ತಗಳಪ್ಪಾ ನಿನ್ನ ಡಬ್ಬಿ. ಅಮ್ಮಾರೆ ಸಿಟ್ಟಾಗಬ್ಯಾಡ್ರಿ ಕೂಡ್ರಿ, ನೀರ್ ಕುಡೀರಿ, ನನ್ ಕೈಯಾಗೆ ಏನಿಲ್ರಿ, ಎಲ್ಲಾ ಮ್ಯಾಲಿನೋರ್ದು. ಗಿರ್ಮಿಟ್ ತಿನ್ನಾಗ ಕೈ ಇತ್ತಲ್ಲಪ್ಪಾ. ಅವನ ಮುಖ ಕೆಂಪಾಯಿತು, ಪಾಪ ಅನ್ನಿಸಿತು, ಅನ್ನಿಸಬಾರದಿತ್ತು, ಅನ್ನಿಸಿತು. ಕಂಪ್ಯೂಟರ್ ನೋಡಿ ಹೇಳಿದ, ಒಂದೇ ಮೊತ್ತ, ಒಂದೇ ಸಂಜೆ, ಎಲ್ಲೆಲ್ಲಿಂದಲೋ ಬಂದೈತ್ರಿ, ಸಿಸ್ಟಮ್ ಇದನ್ನ ಜೂಜು ಅಂದ್ಕೊಂಡೈತೆ. ಜೂಜೇ! ಅಜ್ಜಯ್ಯ ಇಸ್ಪೀಟ್ ಆಡ್ತಾನೇನೋ, ಅಂತ ಅವಳು ಕಿರುಚಿದ್ದಕ್ಕೆ ಕೆಳಗಿನ ಬೇಕರಿಯಿಂದ ಯಾರೋ ಮೆಟ್ಟಿಲಲ್ಲಿ ಇಣುಕಿದರು, ದೇವರ ಪಟ್ಟಿ ಕಣಪ್ಪಾ ಅದು, ನಿಮ್ಮನೇಲಿ ನೂರಾ ಒಂದು ಕೊಡಲ್ವಾ ಯಾರಿಗೂ, ಕೊಡ್ತೀವ್ರಿ ಅಮ್ಮಾರೆ, ನಮ್ ಅವ್ವನೂ ಕೊಡ್ತಾಳೆ, ಸಿಸ್ಟಮ್ಮಿಗೆ ಅವ್ವ ಇಲ್ಲಲ್ರಿ — ಅಂದು ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿಕೊಟ್ಟ, ಅದೇ ಈ ಪುಟ, ಅದೇ ಈ ಚೌಕ. ಈ ಖಾತೆಗೆ ಬಂದ ಎಲ್ಲಾ ಹಣವೂ ನಾನು ಮಾರಿದ ಸರಕಿನ ಹಣ, ನನ್ನ ಸ್ವಂತ ವ್ಯಾಪಾರದ ಆದಾಯ, ಬೇರೆ ಯಾರಿಗೂ ಇದರಲ್ಲಿ ಹಕ್ಕಿಲ್ಲ ಎಂದು ಘೋಷಿಸುತ್ತೇನೆ. ಅಂಗಡಿ ಖಾತೆಯಲ್ಲಿ ವ್ಯಾಪಾರದ ದುಡ್ಡು ಮಾತ್ರ ಇರಬೇಕಂತೆ, ದೇವರದ್ದು ಇದ್ದರೆ ನಿಯಮ ಮುರಿದಂತೆ. ನೂರಾ ಒಂದರ ಮಂಡಕ್ಕಿ ಮಾರೀನಿ ಅಂದ್ಕಳ್ರಿ, ಮುಗೀತು, ನಾಳೆ ಬೆಳಿಗ್ಗೆ ಎಲ್ಲಾ ನಿಮ್ ಬ್ಯಾಂಕಿನಾಗೆ ಇರ್ತೈತೆ, ಅಜ್ಜಯ್ಯನ ದಾಸೋಹನೂ ಆಗ್ತೈತೆ, ನಿಮ್ ಅಂಗಡಿನೂ ನಡೀತೈತೆ. ಬೇರೆ ಬೇರೆ ಬಿಡಿಸಿ ಕೊಡೋಕಾಗಲ್ವೇನಪ್ಪಾ, ಅವರದ್ದು ಅವರಿಗೆ ನಂದು ನನಗೆ, ಅಂದಳು. ಆಗಲ್ರಿ. ಎಲ್ಲಾ ನಿಮ್ದು, ಇಲ್ಲಾ ಎಲ್ಲಾ ವಾಪಸ್.

ಬಕ್ಕೇಶ್ ಫೋನು ಮಾಡಿದ್ದ, ಈಗತಾನೆ, ಹಿಂದೆ ಬಾಣಲೆ ಚುರುಗುಡುವ ಸದ್ದು, ಒತ್ತಿ ಬಾರೇ ಕಸ್ತೂರಿ, ಹಯಾತ್ ಸಾಬ್ಗೆ ಏನ್ ಮುಖ ತೋರಿಸ್ತೀವಿ, ಗ್ಯಾಸ್ ಮುಗೀಲಿಕ್ ಬಂದೈತೆ, ನಾಡಿದ್ದು ಅಮಾಸಿ, ಗಾಡಿಯೋನು ಮುಂಗಡ ಕೇಳಾಕತ್ತಾನೆ, ಅಜ್ಜಯ್ಯಗೆ ಎಲ್ಲಾ ಗೊತ್ತೈತೆ, ಅಂವ ಏನ್ ನಿನ್ನ ಫೋನ್ ಓದ್ತಾನಾ. ಗಂಡ ಹೇಳುವುದರಲ್ಲಿ ಒಂದಕ್ಷರ ತಪ್ಪಿಲ್ಲ. ಎರಡು ವಾರದ ಬೆವರು, ಎಣ್ಣೆ ಸಿಡಿದ ಮುಂಗೈ, ಈರುಳ್ಳಿ ಹೆಚ್ಚಿ ಹೆಚ್ಚಿ ಉರಿದ ಕಣ್ಣು, ವಾಪಸ್ ಹೋದರೆ ಯಾರಿಗೆ ಹೋಗುತ್ತದೆ, ತಿಂದು ಕೈ ತೊಳೆದು ಹೋದ ಹುಡುಗಿಯರಿಗೆ, ಪರೀಕ್ಷೆ ಮುಗಿಸಿ ಊರಿಗೆ ಹೋದವರಿಗೆ, ದಾರಿಹೋಕರಿಗೆ, ಅವರು ಫೋನಿನಲ್ಲಿ ಇಪ್ಪತ್ತು ಬಂದಿದ್ದನ್ನು ನೋಡಿ ಅದೃಷ್ಟ ಅಂದುಕೊಳ್ಳುತ್ತಾರೆ, ಇಲ್ಲ ನೋಡುವುದೇ ಇಲ್ಲ. ಒತ್ತು ಕಸ್ತೂರಿ. ಹೆಬ್ಬೆರಳು ಚೌಕದ ಹತ್ತಿರ ಹೋಯಿತು. ಯಾರೂ ಓದುವುದಿಲ್ಲ. ಹೋಯಿತು, ನಿಂತಿತು. ಬೇರೆ ಯಾರಿಗೂ ಇದರಲ್ಲಿ ಹಕ್ಕಿಲ್ಲ — ಈ ಮಾತು ಎಲ್ಲಿಯೋ ಕೇಳಿದ್ದೇನಲ್ಲ, ಇದೇ ಮಾತು, ಬೇರೆ ದನಿಯಲ್ಲಿ — ದೇವರ ರೊಕ್ಕ ಅಂಗಡಿ ಡಬ್ಯಾಗೆ ಹಾಕ್ಕೊಂಡ್ಳು. ಅಯ್ಯೋ ಶಿವನೇ. ಉಚ್ಚಂಗೆಪ್ಪ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಆಡಿದ್ದನ್ನೇ ಇವರು ಅವಳ ಕೈಯಲ್ಲಿ ಬರೆಸಿಕೊಳ್ಳುತ್ತಿದ್ದಾರೆ. ಅವನು ಹೇಳಿದ್ದು ಸುಳ್ಳು, ಓಣಿಗೆ ಓಣಿಯೇ ನಂಬಿದರೂ ಸುಳ್ಳು, ಅವಳು ಈ ಗೆರೆ ಹಾಕಿದ ಗಳಿಗೆಯಿಂದ ಅದು ನಿಜ, ಅವಳದೇ ಒಪ್ಪಿಗೆ, ಅವಳದೇ ಹೆಬ್ಬೆರಳು, ಕಸ್ತೂರಮ್ಮ ಗಂಡನ ಹೆಸರು ಬಕ್ಕೇಶ್, ಅಜ್ಜಯ್ಯನ ದುಡ್ಡು ನಂದೇ ಅಂದಿದ್ದಾಳೆ. ಹುಗ್ಗಿ ಬಡಿಸಬಹುದು ಆಮೇಲೆ, ಕೊಪ್ಪರಿಗೆ ತುಂಬ ಬಡಿಸಬಹುದು, ಉಚ್ಚಂಗೆಪ್ಪನೇ ಬಂದು ಎರಡನೇ ಸಲ ಹಾಕಿಸಿಕೊಂಡು ಉಂಡಾನು, ಅವನಿಗೆ ಗೊತ್ತಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಬಡಿಸುವವಳಿಗೆ ಗೊತ್ತಲ್ಲ, ಸೌಟು ಹಿಡಿದವಳಿಗೆ ಗೊತ್ತಲ್ಲ, ಅಜ್ಜಯ್ಯನ ದಾಸೋಹವಲ್ಲ ಇದು, ನನ್ನ ವ್ಯಾಪಾರದ ಆದಾಯದಲ್ಲಿ ನಾನು ಹಾಕಿದ ಊಟ ಅಂತ.

ಎಷ್ಟು ಸಲೀಸಾಗಿ ಕೇಳುತ್ತಾರೆ ನೋಡು, ನಮ್ಮ ದುಡ್ಡು ಹಿಡಿದಿಟ್ಟುಕೊಂಡವರು ಇವರು, ಕೇಳದೆ ಹಿಡಿದವರು, ಹೇಳದೆ ಹಿಡಿದವರು, ಕಳ್ಳಿಯಂತೆ ಬಂದು ಕೂತವಳು ನಾನು, ಸುಳ್ಳು ಹೇಳಿದರೆ ಮನೆಗೆ ಕಳಿಸುತ್ತಾರಂತೆ, ನಿಜ ಹೇಳಿದರೆ ಬರಿಗೈಯಲ್ಲಿ. ಹೇಳಲ್ಲ. ಏನ್ ಅಮ್ಮಾರೆ, ಎಂದ ರೇವಂತ್. ಹೇಳಲ್ಲ ಅಂದೆನಪ್ಪಾ, ಒತ್ತಲ್ಲ. ಅಮ್ಮಾರೆ ಟೈಮ್ ಆಗೈತ್ರಿ, ನಾಲ್ಕಕ್ಕ ಲಿಂಕ್ ಹೋಗ್ತೈತೆ, ನಿಮ್ ಅಂಗಡಿ ದುಡ್ಡು ಒಂದ್ ರೂಪಾಯಿನೂ ಉಳಿಯಂಗಿಲ್ಲ, ನಾ ಒತ್ತಲಾ, ಕೊಡ್ರಿ ಇಲ್ಲಿ — ಕೈ ಚಾಚಿದ, ಒಳ್ಳೆಯ ಮನಸ್ಸಿನಿಂದಲೇ ಚಾಚಿದ, ಅದು ಅವಳಿಗೂ ಕಂಡಿತು, ಆದರೂ ಫೋನನ್ನು ಎದೆಗೆ ಅವುಚಿಕೊಂಡಳು, ಮುಟ್ಟೀಯ ಜ್ವಾಕಿ! ನಮ್ಮತ್ತೆ ಕೊಟ್ರವ್ವ ಸೆರಗಾಗೆ ತಂದಿದ್ದನ್ನ ಒಂದ್ ದಿನ ನಂದು ಅಂದಿಲ್ಲ, ನಾನೂ ಅನ್ನಲ್ಲ, ನಿಮ್ ಸಿಸ್ಟಮ್ಮು ಅನ್ನು ಅಂದ್ರೂ ಅನ್ನಲ್ಲ, ನಿಮ್ ಸಿಸ್ಟಮ್ಮಿನ ಅಪ್ಪ ಅಂದ್ರೂ ಅನ್ನಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಸೆರಗಿನೊಳಗೆ ಸುತ್ತಿ, ಫೋನನ್ನು ತೊಡೆಯ ಮೇಲಿಟ್ಟು ನೋಡುತ್ತಾ ಕೂತಳು, ಚೌಕ ಹಾಗೆಯೇ ಇದೆ, ಖಾಲಿ, ಹೋಗಲಿ, ಎಲ್ಲ ಹೋಗಲಿ, ಇಪ್ಪತ್ತು ಹೋಗಲಿ ನಲವತ್ತು ಹೋಗಲಿ, ಹಯಾತ್ ಸಾಬ್ ಭಟ್ಟಿಯಲ್ಲಿ ಕೂಲಿ ಮಾಡಿ ತೀರಿಸುತ್ತೇನೆ, ಬಳೆ ಇವೆ ಎರಡು, ಹೋಗಲಿ, ಅವರದು ಅವರಿಗೆ ಹೋಗಲಿ, ಕಣ್ಣಲ್ಲಿ ನೀರು ಬಂದು ಚೌಕ ಎರಡಾಯಿತು, ಎರಡೂ ಖಾಲಿ, ಒರೆಸಿಕೊಂಡಳು, ಮತ್ತೆ ಒಂದಾಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕಾಗಿರಬೇಕು, ಪರದೆ ಒಮ್ಮೆ ಮಿಣುಕಿ ಬೆಳ್ಳಗಾಯಿತು.

ಹೋತ್ರಿ ಅಮ್ಮಾರೆ, ಅಂದ ರೇವಂತ್, ಇಷ್ಟೇ ಅಂದು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ, ಅವಳು ಎದ್ದಳು, ಸೀರೆ ಕುರ್ಚಿಯಿಂದ ಬಿಡಿಸಿಕೊಂಡು ಎದ್ದಳು, ಮೆಟ್ಟಿಲಿಳಿದಳು, ಡಾಲ್ಡಾ, ಬಿಸಿಲು, ಹೊಳೆ ಸೇತುವೆಯ ಕಡೆಯಿಂದ ಬರುವ ಲಾರಿಗಳ ಸದ್ದು, ಬಸ್ ಸ್ಟ್ಯಾಂಡಿನ ಕಡೆ ತಿರುಗುವಷ್ಟರಲ್ಲಿ ಫೋನು, ನಾಗಕ್ಕ, ಏ ಕಸ್ತೂರಿ, ನನ್ ನೂರಾ ಒಂದು ವಾಪಸ್ ಬಂತಲ್ಲೇ, ರಾಣೆಬೆನ್ನೂರ್ನಾಗೆ ನಮ್ ಹುಡುಗಿಗೂ ಬಂದೈತಂತೆ, ಉಚ್ಚಂಗೆಪ್ಪಗೂ ಬಂದೈತೆ, ಕಟ್ಟಿ ಮ್ಯಾಲೆ ಫೋನ್ ಹಿಡ್ಕಂಡು ಕುಂತಾನೆ, ಬಾಯಿ ಬಿದ್ದೋಗೈತೆ ಅಂವಂದು. ಅಕ್ಕಾ, ಅಂದಳು ಕಸ್ತೂರಮ್ಮ, ದನಿ ಗಟ್ಟಿಯಾಗಿಯೇ ಬಂತು, ಎಲ್ಲಾರಿಗೂ ಹೇಳಕ್ಕಾ, ನೋಟು ಬಿಡಿಸ್ಕೊಂಡ್ ಬಂದು ಇಟ್ಕಳ್ಳಿ, ಸಂಜಿಗೆ ಸೆರಗೊಡ್ಡಿ ಬರ್ತೀನಿ, ಮೊದ್ಲು ಆ ಉಚ್ಚಂಗೆಪ್ಪನ ಬಾಗಿಲಿಗೇ ಬರ್ತೀನಿ, ಗಾಡಿ ನಾಳೆ ರಾತ್ರಿಗೆ ಹೊರಡ್ತೈತೆ. ಬಾ ಬಾ, ಅಂದಳು ನಾಗಕ್ಕ, ಬಾರವ್ವಾ ಲಗೂನ, ಅಂದು, ಈ ಸಲ ಬೇರೆ ಕಡೆ ನೋಡದ ದನಿಯಲ್ಲಿ ಕೇಳಿದಳು, ಅಲ್ಲ ಕಸ್ತೂರಿ, ನಮ್ದು ನಮಗ ಬಂತು, ನಿಂದು? ನಿನ್ ಅಂಗಡಿದು? ನಂದು — ಅಂದಳು, ನಂದು ಅನ್ನುವಲ್ಲಿ ನಿಂತಳು, ಬಸ್ಸೊಂದು ಹಾರನ್ ಹೊಡೆಯುತ್ತಾ ಪಕ್ಕಕ್ಕೆ ಬಂತು, ಯಾರೋ ಸರೀರಿ ಅಮ್ಮಾ ಅಂದರು, ಸರಿಯಲಿಲ್ಲ, ಹೆಬ್ಬೆರಳು ಇನ್ನೂ ಮುಷ್ಟಿಯೊಳಗೇ ಇತ್ತು, ಕಣ್ಣ ಮುಂದೆ ರಸ್ತೆ ಇಲ್ಲ ಬಸ್ಸಿಲ್ಲ, ಆ ಚೌಕ, ಖಾಲಿ ಚೌಕ, ಮುಟ್ಟಲಿಲ್ಲ, ಮುಟ್ಟಲಿಲ್ಲ, ಆ ಚೌಕ.